ಕೋಶ ಬಿಟ್ಟು ಹೊರಡದ ವೈರಸ್: ಇಲಿಯ ಜೀನೋಮ್‌ನಲ್ಲಿ ನೆಲೆಯೂರಿದ ಐಎಪಿ

ಇಲಿಯ ಗಡ್ಡೆಗಳಿಂದ ತೆಗೆದ ಜೀವಕೋಶಗಳನ್ನು ಅತಿ ತೆಳ್ಳಗೆ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ 1950ರ ದಶಕದಲ್ಲಿ ಕೈಗೆ ಬಂದಾಗ, ಹಲವು ಪ್ರಯೋಗಾಲಯಗಳ ಸಂಶೋಧಕರಿಗೆ ಒಂದೇ ಬಗೆಯ ಕಣಗಳು ಮತ್ತೆ ಮತ್ತೆ ಕಾಣಿಸತೊಡಗಿದವು. ಬಳೆಯೊಳಗೆ ಬಳೆ ಇಟ್ಟಂತೆ ಎರಡು ಸುತ್ತು ಗೆರೆ, ನಡುವೆ ಖಾಲಿ ಜಾಗ, ಅಡ್ಡಳತೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸು. ನೋಟಕ್ಕೆ ಅವು ವೈರಸ್‌ಗಳೇ. ಆದರೆ ವೈರಸ್ ಎಂದ ಮೇಲೆ ಅದು ಕೋಶದಿಂದ ಹೊರಬಿದ್ದು ಮತ್ತೊಂದು ಕೋಶವನ್ನು ಹೊಗಬೇಕು. ಈ ಕಣಗಳು ಹೊರಗೆ ಬರುತ್ತಲೇ ಇರಲಿಲ್ಲ. ಜೀವಕೋಶದೊಳಗೆ ಅನೇಕ ಪ್ರೋಟೀನ್‌ಗಳು ತಯಾರಾಗಿ ಸಾಗುವ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲವೊಂದಿದೆ. ಆ ಪೊರೆಗಳ ನಡುವಿನ ತೊಟ್ಟಿಯಂಥ ಅವಕಾಶಕ್ಕೆ ಸಿಸ್ಟರ್ನಾ ಎಂದು ಹೆಸರು. ಕಣಗಳು ಈ ತೊಟ್ಟಿಯೊಳಕ್ಕೆ ಮೊಗ್ಗಿನಂತೆ ಉಬ್ಬಿ, ಕಳಚಿಕೊಂಡು, ಅಲ್ಲಿಯೇ ಉಳಿದುಬಿಡುತ್ತಿದ್ದವು. ಆಗ ವೈರಸ್ ಕಣಗಳನ್ನು ಆಕಾರದ ಮೇಲೆ ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದುದರಿಂದ ಇವಕ್ಕೆ ಇಂಟ್ರಾಸಿಸ್ಟರ್ನಲ್ ಎ-ಪಾರ್ಟಿಕಲ್, ಅಂದರೆ ತೊಟ್ಟಿಯೊಳಗಿನ ಎ-ಕಣ ಎಂಬ ಹೆಸರು ಬಂದಿತು. ಸಂಕ್ಷೇಪದಲ್ಲಿ ಐಎಪಿ.

ಗಡ್ಡೆಗಳಲ್ಲಿ ಮಾತ್ರ ಕಂಡಿದ್ದರೆ ಇವು ಕ್ಯಾನ್ಸರಿನ ಕಾರಣವಿರಬಹುದೆಂದು ಊಹಿಸಿ ಮುಂದೆ ಹೋಗಬಹುದಿತ್ತು. ಆದರೆ ಆರೋಗ್ಯವಾದ ಇಲಿಗಳ ಎಳೆಯ ಭ್ರೂಣದಲ್ಲಿಯೂ, ಇನ್ನೂ ಗರ್ಭಕೋಶಕ್ಕೆ ಅಂಟಿಕೊಳ್ಳದ ಕೆಲವೇ ಕೋಶಗಳ ಹಂತದಲ್ಲಿಯೂ ಇಂಥ ಕಣಗಳು ಕಂಡವು. ಸೋಂಕು ತಗಲಲು ಅವಕಾಶವೇ ಇರದ ಭ್ರೂಣದೊಳಗೆ ವೈರಸ್ ಎಲ್ಲಿಂದ ಬಂದಿತು ಎಂಬುದು ನಿಜವಾದ ಒಗಟಾಗಿತ್ತು. ಸೂಕ್ಷ್ಮದರ್ಶಕದಿಂದ ಅದನ್ನು ಬಿಡಿಸಲು ಆಗುತ್ತಿರಲಿಲ್ಲ, ಏಕೆಂದರೆ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಕಣ ಎಲ್ಲಿ ಹುಟ್ಟಿತು ಎಂಬುದನ್ನು ಅದು ಹೇಳುವುದಿಲ್ಲ. ಉತ್ತರ ಅಣುಗಳ ಮಟ್ಟದಲ್ಲಿತ್ತು, ಅಲ್ಲಿಗೆ ಹೋಗುವ ದಾರಿ 1970ರಲ್ಲಿ ತೆರೆಯಿತು.

ಆ ವರ್ಷ ಹೊವಾರ್ಡ್ ಟೆಮಿನ್ ಮತ್ತು ಸತೋಶಿ ಮಿಝುತಾನಿ ಒಂದು ಕಡೆ, ಡೇವಿಡ್ ಬಾಲ್ಟಿಮೋರ್ ಇನ್ನೊಂದು ಕಡೆ, ಕೆಲವು ವೈರಸ್‌ಗಳ ಕಣದೊಳಗೆ ಆರ್‌ಎನ್‌ಎಯನ್ನು ನೋಡಿಕೊಂಡು ಡಿಎನ್‌ಎ ರಚಿಸುವ ಕಿಣ್ವವಿರುವುದನ್ನು ತೋರಿಸಿದರು. ಡಿಎನ್‌ಎಯಿಂದ ಆರ್‌ಎನ್‌ಎ ಆಗುವುದು ಜೀವಕೋಶದ ನಿತ್ಯದ ವ್ಯವಹಾರ; ಇದು ಅದರ ವಿರುದ್ಧ ದಿಕ್ಕಿನ ನಡೆ. ಕಿಣ್ವಕ್ಕೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂದೂ, ಅದನ್ನು ಹೊತ್ತ ವೈರಸ್‌ಗಳಿಗೆ ರೆಟ್ರೊವೈರಸ್ ಎಂದೂ ಹೆಸರಾಯಿತು. ಟೆಮಿನ್ ಮತ್ತು ಬಾಲ್ಟಿಮೋರ್ 1975ರ ನೊಬೆಲ್ ಪ್ರಶಸ್ತಿಯನ್ನು ರೆನಾಟೊ ಡುಲ್ಬೆಕೊ ಅವರೊಂದಿಗೆ ಹಂಚಿಕೊಂಡರು.

ರೆಟ್ರೊವೈರಸ್ ಕೋಶವೊಂದನ್ನು ಹೊಕ್ಕಾಗ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದುಕೊಂಡು, ಆ ಡಿಎನ್‌ಎಯನ್ನು ಕೋಶದ ವರ್ಣತಂತುವಿನೊಳಗೆ ಹೊಲಿದುಬಿಡುತ್ತದೆ. ಅಲ್ಲಿಂದ ಮುಂದೆ ಅದು ಆ ಕೋಶದ ಸ್ವಂತ ವಂಶವಾಹಿಗಳ ಜೊತೆಗೇ ಪ್ರತಿಯಾಗುತ್ತ ಹೋಗುತ್ತದೆ. ಹೊಲಿದ ತುಣುಕಿನಲ್ಲಿ ಮುಖ್ಯವಾಗಿ ಮೂರು ಜೀನ್‌ಗಳಿರುತ್ತವೆ: ಕಣದ ಒಳಚಿಪ್ಪನ್ನು ಕಟ್ಟುವ ಗ್ಯಾಗ್, ಕಿಣ್ವಗಳನ್ನು ಕೊಡುವ ಪೋಲ್, ಮತ್ತು ಹೊಸ ಕೋಶದ ಬಾಗಿಲು ತೆರೆಯುವ ಹೊರಹೊದಿಕೆಯ ಎನ್ವ್. ಈ ಮೂರರ ಎರಡೂ ತುದಿಗಳಲ್ಲಿ ಒಂದೇ ಪಾಠದ ಎರಡು ತುಣುಕುಗಳಿವೆ. ಅವನ್ನು ಎಲ್‌ಟಿಆರ್ ಎನ್ನುತ್ತಾರೆ. ಇಲ್ಲಿಂದ ಓದು ಆರಂಭಿಸು ಎಂಬ ಆಜ್ಞೆ ಇರುವುದು ಎಲ್‌ಟಿಆರ್‌ನಲ್ಲಿ. ಈ ಒಂದು ಸಂಗತಿಯನ್ನು ಓದುಗರು ಗಟ್ಟಿಯಾಗಿ ನೆನಪಿಡಬೇಕು; ಮುಂದೆ ಬರುವ ಹಳದಿ ಇಲಿಯ ಕಥೆ ಪೂರ್ತಿಯಾಗಿ ಇದರ ಮೇಲೆ ನಿಂತಿದೆ.

ಇಂಥ ಹೊಲಿಗೆ ಚರ್ಮದ ಅಥವಾ ರಕ್ತದ ಕೋಶದಲ್ಲಾದರೆ ಆ ಪ್ರಾಣಿಯೊಂದಿಗೇ ಕೊನೆಗೊಳ್ಳುತ್ತದೆ. ಅಂಡಾಣು ಅಥವಾ ವೀರ್ಯಾಣುವಿಗೆ ದಾರಿಯಾಗುವ ಕೋಶದಲ್ಲಾದರೆ ಮರಿಯ ಪ್ರತಿಯೊಂದು ಕೋಶಕ್ಕೂ, ಆ ಮರಿಯ ಮರಿಗಳಿಗೂ ಅದು ಪಿತ್ರಾರ್ಜಿತವಾಗಿ ಇಳಿದು ಬರುತ್ತದೆ. ಹೀಗೆ ಸೋಂಕು ಎಂಬುದು ಆನುವಂಶಿಕತೆಯಾಗಿ ಮಾರ್ಪಡುತ್ತದೆ. ಸಿ57ಬ್ಲ್ಯಾಕ್/6ಜೆ ಎಂಬ ತಳಿಯ ಇಲಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ಣ ಪಾಠ, 2002ರ ಡಿಸೆಂಬರಿನಲ್ಲಿ ಪ್ರಕಟವಾದಾಗ, ಸುಮಾರು 250 ಕೋಟಿ ಅಕ್ಷರಗಳ ಆ ಪಾಠದಲ್ಲಿ ಶೇಕಡ 10ರಷ್ಟು ಭಾಗ ಎಲ್‌ಟಿಆರ್ ಉಳ್ಳ ಇಂಥ ತುಣುಕುಗಳೇ ಎಂಬುದು ಗೊತ್ತಾಯಿತು. ಮನುಷ್ಯನಲ್ಲಿ ಈ ಪಾಲು ಸುಮಾರು ಶೇಕಡ 8. ಪ್ರಮಾಣ ಹೆಚ್ಚುಕಡಿಮೆ ಒಂದೇ ಎನಿಸಿದರೂ ಒಂದು ದೊಡ್ಡ ಭೇದವಿದೆ: ನಮ್ಮಲ್ಲಿ ಅವು ಬಹುತೇಕ ಸತ್ತುಹೋದ ಪಳೆಯುಳಿಕೆಗಳು, ಇಲಿಯಲ್ಲಿ ಕೆಲವು ಇಂದಿಗೂ ಜೀವಂತ.

ಐಎಪಿಗೆ ಮರಳೋಣ. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಡ್ವರ್ಡ್ ಕಫ್ ಮತ್ತು ಕೈರಾ ಲೂಡರ್ಸ್ ಈ ಕಣಗಳನ್ನು ಗಡ್ಡೆಯ ಕೋಶಗಳಿಂದ ಬೇರ್ಪಡಿಸಿ, ಅವುಗಳ ಆರ್‌ಎನ್‌ಎಗೆ ಜೋಡಿಯಾಗಬಲ್ಲ ಅನುಕ್ರಮ ಇಲಿಯ ಸಹಜ ಡಿಎನ್‌ಎಯಲ್ಲಿ ಎಷ್ಟಿದೆ ಎಂದು ಅಳೆಯಲು ಹೊರಟರು. ಡಿಎನ್‌ಎಯ ಅಕ್ಷರಗಳನ್ನು ನೇರವಾಗಿ ಓದುವುದು ಆಗಿನ್ನೂ ಶೈಶವದಲ್ಲಿದ್ದ ಕಾಲ ಅದು. ಅವರ ತಲೆಮಾರು ಬಳಸಿದ ಉಪಾಯ ಇದು: ಡಿಎನ್‌ಎಯನ್ನು ಕಾಯಿಸಿದರೆ ಅದರ ಎರಡು ಎಳೆಗಳು ಬಿಡಿಯಾಗುತ್ತವೆ, ತಣಿಸಿದರೆ ಪ್ರತಿ ಎಳೆಯೂ ತನ್ನ ಜೊತೆಗಾರನನ್ನು ಹುಡುಕಿ ಮತ್ತೆ ಕೂಡುತ್ತದೆ. ಈ ಮಿಶ್ರಣಕ್ಕೆ ವಿಕಿರಣಶೀಲ ಗುರುತು ಹಚ್ಚಿದ ಎಳೆಯೊಂದನ್ನು ಸೇರಿಸಿ, ಅದು ಎಷ್ಟು ಬೇಗ ಜೋಡಿಯಾಗುತ್ತದೆ ಎಂದು ನೋಡಬೇಕು. ಊರ ಜಾತ್ರೆಯ ಜನಜಂಗುಳಿಯಲ್ಲಿ ಒಬ್ಬನೇ ನೆಂಟನಿದ್ದರೆ ಅವನು ಸಿಗಲು ಸಂಜೆಯಾಗಬಹುದು. ಸಾವಿರ ನೆಂಟರಿದ್ದರೆ ನಾಲ್ಕು ಹೆಜ್ಜೆ ಇಡುವುದರೊಳಗೆ ಯಾರಾದರೊಬ್ಬರು ಎದುರಾಗುತ್ತಾರೆ. ಜೋಡಿಯಾಗುವ ವೇಗದಿಂದ ಪ್ರತಿಗಳ ಸಂಖ್ಯೆಯನ್ನು ಲೆಕ್ಕ ಹಾಕಬಹುದಾದದ್ದು ಹೀಗೆ.

ಐಎಪಿಯ ಅನುಕ್ರಮಗಳು ಇಲಿಯ ಜೀನೋಮ್‌ನಲ್ಲಿ ಒಂದೆರಡಲ್ಲ, ಬಹು ಸಂಖ್ಯೆಯಲ್ಲಿ ಪುನರಾವರ್ತನೆಯಾಗಿವೆ ಎಂದು ಲೂಡರ್ಸ್ ಮತ್ತು ಕಫ್ 1977ರಲ್ಲಿ ವರದಿ ಮಾಡಿದರು. ಒಂದು ವರ್ಣತಂತು ಸಮೂಹಕ್ಕೆ ಸುಮಾರು 1000 ಪ್ರತಿ ಎಂಬುದು ಮುಂದಿನ ಕೆಲಸಗಳಲ್ಲಿ ನೆಲೆನಿಂತ ಅಂದಾಜು. ಭ್ರೂಣದಲ್ಲಿ ಕಂಡ ಕಣಗಳ ಒಗಟು ಅಲ್ಲಿಗೆ ಬಿಡಿಸಿದಂತಾಯಿತು. ಯಾವ ವೈರಸ್ಸೂ ಹೊರಗಿನಿಂದ ಬಂದಿರಲಿಲ್ಲ. ಕಣವನ್ನು ಕಟ್ಟುವ ಸೂಚನೆಗಳು ತಂದೆತಾಯಿಯಿಂದ ಬಂದ ಡಿಎನ್‌ಎಯಲ್ಲಿಯೇ ಇದ್ದವು.

1980ರ ದಶಕದಲ್ಲಿ ಈ ತುಣುಕುಗಳನ್ನು ಬ್ಯಾಕ್ಟೀರಿಯಾದೊಳಗೆ ಬೆಳೆಸಿ ಒಂದೊಂದಾಗಿ ಪರಿಶೀಲಿಸಲು ಸಾಧ್ಯವಾದಾಗ ರಚನೆ ಸ್ಪಷ್ಟವಾಯಿತು. ಪೂರ್ಣ ಉದ್ದದ ಐಎಪಿಗೆ ಸುಮಾರು 7,100 ಅಕ್ಷರಗಳು. ಎರಡು ತುದಿಯಲ್ಲಿ ಎಲ್‌ಟಿಆರ್, ನಡುವೆ ಗ್ಯಾಗ್ ಮತ್ತು ಪೋಲ್. ಎನ್ವ್ ಇಲ್ಲ. ಬಾಗಿಲು ತೆರೆಯುವ ಪ್ರೋಟೀನೇ ಇಲ್ಲದ ಕಣ ಇನ್ನೊಂದು ಕೋಶವನ್ನು ಹೇಗೆ ಹೊಕ್ಕೀತು? ಪ್ರತಿಗಳಲ್ಲಿ ಬಹಳಷ್ಟು ಅಂಗಹೀನವಾಗಿದ್ದವು; ಸುಮಾರು 1,900 ಅಕ್ಷರಗಳು ನಡುವಿನಿಂದ ಕಳೆದುಹೋಗಿ ಗಿಡ್ಡವಾದ ಒಂದು ಉಪಗುಂಪು ಅವುಗಳಲ್ಲಿ ಪ್ರಸಿದ್ಧ. ಓಲೆಗರಿಯ ಗ್ರಂಥವನ್ನು ಪ್ರತಿ ಮಾಡುತ್ತ ಹೋದಂತೆ ಒಬ್ಬ ಲಿಪಿಕಾರನ ಕೈತಪ್ಪಿನಿಂದ ನಾಲ್ಕು ಗರಿ ಬಿಟ್ಟುಹೋದರೆ, ಮುಂದಿನ ಪ್ರತಿಗಳೆಲ್ಲವೂ ಆ ಕೊರತೆಯನ್ನು ಹೊತ್ತುಕೊಂಡೇ ಹುಟ್ಟುತ್ತವೆ. ಇಲ್ಲಿನ ಸೋಜಿಗವೆಂದರೆ, ಇಲಿಯಲ್ಲಿ ಹೊಸದಾಗಿ ಹಾರಿ ಬಂದು ಕುಳಿತ ಐಎಪಿಗಳಲ್ಲಿ ಹೆಚ್ಚಿನವು ಈ ಅಂಗಹೀನ ಗುಂಪಿಗೆ ಸೇರಿದವು. ಪೂರ್ಣ ಪ್ರತಿಗಳು ತಯಾರಿಸಿದ ಪ್ರೋಟೀನ್‌ಗಳನ್ನು ಎರವಲು ಪಡೆದು ಅವು ಚಲಿಸುತ್ತವೆ.

ಎರವಲಿನ ಬದುಕು ಐಎಪಿಗೆ ಸೀಮಿತವಲ್ಲ. ಇಲಿಯ ಕೋಶದಲ್ಲಿರುವ ವಿಎಲ್30 ಎಂಬ ತುಣುಕುಗಳು ಯಾವ ವೈರಸ್ ಪ್ರೋಟೀನನ್ನೂ ತಾವಾಗಿ ತಯಾರಿಸಲಾರವು. ಆದರೆ ಅದೇ ಕೋಶದಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ತರುವ ವೈರಸ್ ಇದ್ದರೆ ಅವುಗಳ ಆರ್‌ಎನ್‌ಎ ಆ ವೈರಸ್ಸಿನ ಕಣದೊಳಗೆ ತೂರಿಕೊಂಡು ಹೊಸ ಕೋಶಕ್ಕೆ ಪ್ರಯಾಣ ಮಾಡುತ್ತದೆ. ಇಟಿಎನ್ ಎಂಬ ಇನ್ನೊಂದು ಗುಂಪು ಮಸ್‌ಡಿ ಎಂಬ ಸಂಬಂಧಿಯ ಪ್ರೋಟೀನ್‌ಗಳನ್ನು ನೆಚ್ಚಿಕೊಂಡಿದೆ.

ಐಎಪಿ ನಿಜವಾಗಿಯೂ ಜಾಗ ಬದಲಿಸುತ್ತದೆ ಎಂಬುದಕ್ಕೆ ಮೊದಲ ಸುಳಿವುಗಳು ಆಕಸ್ಮಿಕವಾಗಿ ಸಿಕ್ಕವು. ಪ್ರತಿಕಾಯ ತಯಾರಿಸುವ ಇಲಿಯ ಕೋಶಗಳನ್ನು ಸಾಕುತ್ತಿದ್ದವರು, ಕೆಲವು ಕೋಶಗಳು ಪ್ರತಿಕಾಯದ ಒಂದು ಸರಪಳಿಯನ್ನು ಸರಿಯಾಗಿ ತಯಾರಿಸದೆ ಹೋದುದನ್ನು ಗಮನಿಸಿ ಜೀನ್ ಬಿಚ್ಚಿ ನೋಡಿದಾಗ, ಅದರೊಳಗೆ ಐಎಪಿಯೊಂದು ಬಂದು ಕುಳಿತಿತ್ತು. ಇದು 1980ರ ದಶಕದ ಆರಂಭದ ಮಾತು. 1985ರಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಸಂಗ ಬೆಳಕಿಗೆ ಬಂದಿತು. ಡಬ್ಲ್ಯುಇಎಚ್‌ಐ-3ಬಿ ಎಂಬ ಲ್ಯುಕೇಮಿಯಾ ಕೋಶಗಳು ರಕ್ತಕೋಶಗಳ ಬೆಳವಣಿಗೆಗೆ ಬೇಕಾದ ಇಂಟರ್‌ಲ್ಯೂಕಿನ್-3 ಅನ್ನು ನಿರಂತರವಾಗಿ ತಯಾರಿಸುತ್ತಿದ್ದವು, ಏಕೆಂದರೆ ಆ ಜೀನ್‌ನ ಪಕ್ಕದಲ್ಲಿ ಐಎಪಿಯೊಂದು ಬಂದು ಸೇರಿತ್ತು. ಒಂದು ಕಡೆ ಜೀನ್ ಕೆಟ್ಟಿತು, ಇನ್ನೊಂದು ಕಡೆ ಜೀನ್ ನಿಲ್ಲದೆ ಓಡಿತು. ಎರಡಕ್ಕೂ ಕಾರಣ ಒಂದೇ ತುಣುಕು ಎಂಬುದು ಗಮನಿಸಬೇಕಾದ ಸಂಗತಿ.

ಆದರೂ ಒಂದು ತಕರಾರು ಉಳಿದಿತ್ತು. ಹೊಸ ಜಾಗದಲ್ಲಿ ಐಎಪಿ ಸಿಕ್ಕಿತು ಎಂದ ಮಾತ್ರಕ್ಕೆ ಅದು ಆರ್‌ಎನ್‌ಎಯ ಹಾದಿಯಲ್ಲಿಯೇ ಅಲ್ಲಿಗೆ ಬಂದಿತು ಎನ್ನಲು ಆಗುವುದಿಲ್ಲ. ಡಿಎನ್‌ಎ ತುಣುಕಾಗಿಯೇ ಸ್ಥಳಾಂತರವಾಗಿರಲೂಬಹುದು. ಈ ಸಂಶಯವನ್ನು ತೊಡೆದುಹಾಕಿದ ಪ್ರಯೋಗವನ್ನು ಫ್ರಾನ್ಸಿನ ಓಡಿಲ್ ಹೈಡ್ಮನ್ ಮತ್ತು ಥಿಯರಿ ಹೈಡ್ಮನ್ 1991ರಲ್ಲಿ ಪ್ರಕಟಿಸಿದರು. ಈ ಇಡೀ ಕ್ಷೇತ್ರದ ಪ್ರಯೋಗಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ.

ಅವರು ಐಎಪಿಯ ಪ್ರತಿಯೊಂದರೊಳಗೆ, ಒಂದು ಬಗೆಯ ವಿಷಕಾರಿ ಔಷಧದಿಂದ ಕೋಶವನ್ನು ಕಾಪಾಡುವ ಜೀನ್ ಒಂದನ್ನು ಸೇರಿಸಿದರು. ಆದರೆ ಆ ಜೀನ್‌ನ ನಟ್ಟನಡುವೆ ಇಂಟ್ರಾನ್ ಎಂಬ ಅಡ್ಡಿಯ ತುಣುಕನ್ನು ಇಟ್ಟಿದ್ದರಿಂದ ಅದು ಇದ್ದಹಾಗೆಯೇ ಕೆಲಸ ಮಾಡುವಂತಿರಲಿಲ್ಲ. ಜೀವಕೋಶ ಆರ್‌ಎನ್‌ಎಯಿಂದ ಇಂಟ್ರಾನ್‌ಗಳನ್ನು ಕತ್ತರಿಸಿ ತೆಗೆಯುತ್ತದೆ, ಡಿಎನ್‌ಎಯಿಂದ ತೆಗೆಯುವುದಿಲ್ಲ. ಇನ್ನೊಂದು ಎಚ್ಚರಿಕೆಯನ್ನೂ ವಹಿಸಿದ್ದರು: ಕಾಪಾಡುವ ಜೀನ್ ಅನ್ನು ಐಎಪಿಗೆ ವಿರುದ್ಧ ದಿಕ್ಕಿನಲ್ಲಿ ಇಟ್ಟು, ಇಂಟ್ರಾನ್ ಅನ್ನು ಐಎಪಿಯ ದಿಕ್ಕಿನಲ್ಲಿಯೇ ಇಟ್ಟಿದ್ದರು. ಹಾಗಾಗಿ ಐಎಪಿಯ ಎಲ್‌ಟಿಆರ್‌ನಿಂದ ಹೊರಟ ಆರ್‌ಎನ್‌ಎಯಲ್ಲಿ ಮಾತ್ರ ಅಡ್ಡಿ ಕಳೆಯುತ್ತದೆ. ಆ ಆರ್‌ಎನ್‌ಎ ಮತ್ತೆ ಡಿಎನ್‌ಎಯಾಗಿ ಬರೆಯಲ್ಪಟ್ಟು ವರ್ಣತಂತುವಿನಲ್ಲಿ ಹೊಲಿಯಲ್ಪಟ್ಟರೆ ಮಾತ್ರ ಅಡ್ಡಿಯಿಲ್ಲದ ಜೀನ್ ಸಿದ್ಧವಾಗುತ್ತದೆ. ಅಂದರೆ ಔಷಧ ಸುರಿದ ಮೇಲೂ ಬದುಕಿ ಗುಂಪು ಕಟ್ಟಿದ ಪ್ರತಿಯೊಂದು ಕೋಶವೂ, ತನ್ನೊಳಗೆ ಐಎಪಿ ಆರ್‌ಎನ್‌ಎಯ ಹಾದಿಯಲ್ಲಿ ಒಂದು ಸುತ್ತು ಪೂರೈಸಿದೆ ಎಂಬುದಕ್ಕೆ ಸಾಕ್ಷಿ. ತಟ್ಟೆಯಲ್ಲಿ ಅಂಥ ಕೋಶಗಳು ಬೆಳೆದವು, ಅವುಗಳ ಡಿಎನ್‌ಎಯಲ್ಲಿ ಇಂಟ್ರಾನ್ ಕಳೆದುಕೊಂಡ ಪ್ರತಿಗಳು ಸಿಕ್ಕವು. ಮುಂದೆ ಇಲಿಯ ಜೀನೋಮ್ ಓದಿಯಾದ ಮೇಲೆ ಹೈಡ್ಮನ್ ಅವರ ತಂಡವೇ ಹೊರಗಿನ ನೆರವಿಲ್ಲದೆ ಸ್ವತಂತ್ರವಾಗಿ ಹಾರಬಲ್ಲ ಐಎಪಿಗಳನ್ನು ಗುರುತಿಸಿ 2004ರಲ್ಲಿ ವರದಿ ಮಾಡಿತು.

ಹಾಗಾದರೆ ಐಎಪಿ ಹುಟ್ಟಿದ್ದೇ ಎನ್ವ್ ಇಲ್ಲದೆಯೋ, ಅಥವಾ ಇದ್ದುದನ್ನು ಕಳೆದುಕೊಂಡಿತೋ? ಇಲಿಯ ಜೀನೋಮ್‌ನಲ್ಲಿ ಐಎಪಿಇ ಎಂಬ ಹತ್ತಿರದ ಸಂಬಂಧಿಗಳಿವೆ, ಅವಕ್ಕೆ ಎನ್ವ್ ಇದೆ. ಅವುಗಳ ಪೈಕಿ ಒಂದು ಪ್ರತಿಯ ಕಣಗಳು ಕೋಶದ ಹೊರಪೊರೆಯಿಂದ ಮೊಗ್ಗೊಡೆದು, ಹೊರಬಂದು, ಬೇರೆ ಕೋಶಗಳಿಗೆ ಸೋಂಕು ತಗಲಿಸಬಲ್ಲವು ಎಂಬುದು ಪ್ರಯೋಗದಲ್ಲಿ ಖಚಿತವಾಗಿದೆ. ಐಎಪಿಯಲ್ಲಿ ಎರಡು ಬದಲಾವಣೆಗಳಾಗಿವೆ. ಗ್ಯಾಗ್ ಪ್ರೋಟೀನಿನ ಆರಂಭದಲ್ಲಿ ಕಣವನ್ನು ಹೊರಪೊರೆಯತ್ತ ಕಳಿಸುತ್ತಿದ್ದ ಗುರುತು ಹೋಗಿ, ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನತ್ತ ಕಳಿಸುವ ಗುರುತು ಬಂದಿದೆ; ಎನ್ವ್ ಬಿದ್ದುಹೋಗಿದೆ. ಒಂದು ಕಾಲಕ್ಕೆ ಕೋಶದಿಂದ ಕೋಶಕ್ಕೆ ಅಲೆಯುತ್ತಿದ್ದ ವೈರಸ್, ಒಂದೇ ಕೋಶದ ಜೀನೋಮ್‌ನೊಳಗೆ ಜಾಗದಿಂದ ಜಾಗಕ್ಕೆ ಹಾರುವ ನಿವಾಸಿಯಾಯಿತು. ಸೋಂಕು ಹರಡುವ ಶಕ್ತಿ ಕುಂದಿದರೂ ಪ್ರತಿಗಳು ಹೆಚ್ಚಾದವು ಎಂಬುದನ್ನು ನೋಡಿದರೆ, ವೈರಸ್ಸಿನ ದೃಷ್ಟಿಯಿಂದ ಇದನ್ನು ಅವನತಿ ಎನ್ನುವುದು ತಪ್ಪಾದೀತು.

ಸಾವಿರ ಪ್ರತಿಗಳು ಎಲ್ಲ ಕೋಶಗಳಲ್ಲಿಯೂ ಮನಬಂದಂತೆ ಹಾರುತ್ತಿದ್ದರೆ ಇಲಿ ಎಂಬ ಪ್ರಾಣಿಯೇ ಉಳಿಯುತ್ತಿರಲಿಲ್ಲ. ಹಾಗಾಗದಂತೆ ಕೋಶ ಅವುಗಳ ಬಾಯಿ ಕಟ್ಟಿದೆ. ಡಿಎನ್‌ಎಯ ಸೈಟೊಸಿನ್ ಎಂಬ ಅಕ್ಷರಕ್ಕೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಅಂಟಿಸುವುದು ಇದರ ಮುಖ್ಯ ವಿಧಾನ. ಅಕ್ಷರ ಬದಲಾಗುವುದಿಲ್ಲ, ಆದರೆ ಎಲ್‌ಟಿಆರ್‌ನ ಮೇಲೆ ಮೀಥೈಲ್ ಕವಿದರೆ ಓದುವ ಯಂತ್ರ ಅಲ್ಲಿ ಆರಂಭಿಸುವುದಿಲ್ಲ. 1998ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಿಮೋತಿ ಬೆಸ್ಟರ್ ಮತ್ತು ಸಂಗಡಿಗರು, ಈ ಮೀಥೈಲ್ ಗುರುತನ್ನು ಕಾಪಾಡಿಕೊಂಡು ಬರುವ ಕಿಣ್ವವಿಲ್ಲದ ಇಲಿ ಭ್ರೂಣಗಳಲ್ಲಿ ಐಎಪಿ ಆರ್‌ಎನ್‌ಎ 50ರಿಂದ 100 ಪಟ್ಟು ಏರಿದುದನ್ನು ತೋರಿಸಿದರು. ಆ ಭ್ರೂಣಗಳು ಹುಟ್ಟುವ ತನಕ ಬದುಕುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಗರ್ಭಾಂಕುರವಾದ ಕೂಡಲೇ ಭ್ರೂಣ ತಂದೆತಾಯಿಯಿಂದ ಬಂದ ಮೀಥೈಲ್ ಗುರುತುಗಳ ಬಹುಪಾಲನ್ನು ಅಳಿಸಿಹಾಕುತ್ತದೆ. ಕಾವಲು ತೆಗೆದ ಆ ಕೆಲವು ದಿನ ಏನು ಗತಿ? ಎರಡು ಉತ್ತರಗಳಿವೆ. ಬೇರೆಡೆ ಅಳಿಸಿಹೋದರೂ ಐಎಪಿಗಳ ಮೇಲಿನ ಗುರುತು ಗಣನೀಯವಾಗಿ ಉಳಿಯುತ್ತದೆ. ಅದರ ಜೊತೆಗೆ ಇನ್ನೊಂದು ಕಾವಲಿದೆ: ಝಿಂಕ್ ಫಿಂಗರ್ ಪ್ರೋಟೀನ್‌ಗಳೆಂಬ ದೊಡ್ಡ ಕುಟುಂಬದ ಸದಸ್ಯರು ಇಂಥ ತುಣುಕುಗಳ ನಿರ್ದಿಷ್ಟ ಅಕ್ಷರಜೋಡಣೆಯನ್ನು ಗುರುತಿಸಿ ಅಂಟಿಕೊಳ್ಳುತ್ತಾರೆ, ಕೆಎಪಿ1 ಎಂಬ ಪ್ರೋಟೀನನ್ನು ಕರೆತರುತ್ತಾರೆ, ಅದು ಸೆಟ್‌ಡಿಬಿ1 ಎಂಬ ಕಿಣ್ವವನ್ನು ಕರೆತಂದು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಉಂಡೆಗಳ ಮೇಲೆ ಇಲ್ಲಿ ಓದಬೇಡ ಎಂಬ ಗುರುತು ಹಾಕಿಸುತ್ತದೆ. ಭ್ರೂಣದ ಕಾಂಡಕೋಶಗಳಲ್ಲಿ ಕೆಎಪಿ1 ಅಥವಾ ಸೆಟ್‌ಡಿಬಿ1 ತೆಗೆದುಬಿಟ್ಟರೆ ಐಎಪಿಗಳು ಎಚ್ಚರಗೊಳ್ಳುತ್ತವೆ ಎಂದು 2010ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿದವು.

ಇಷ್ಟು ಕಾವಲಿದ್ದೂ ಕೆಲವು ತಪ್ಪಿಸಿಕೊಳ್ಳುತ್ತವೆ. ಪ್ರಯೋಗಾಲಯದ ಇಲಿಗಳಲ್ಲಿ ತಾವಾಗಿ ಕಾಣಿಸಿಕೊಂಡು, ಕಾರಣ ಪತ್ತೆಯಾದ ರೂಪಾಂತರಗಳಲ್ಲಿ ಸುಮಾರು ಹತ್ತರಲ್ಲೊಂದು ಇಂಥ ರೆಟ್ರೊವೈರಸ್ ಮಾದರಿಯ ತುಣುಕು ಹೊಸ ಜಾಗಕ್ಕೆ ಹಾರಿದ್ದರಿಂದ ಆದದ್ದು. ಅವುಗಳಲ್ಲಿ ಬಹುಪಾಲು ಐಎಪಿ ಮತ್ತು ಇಟಿಎನ್ ಗುಂಪುಗಳದು. ಎಲ್ಲ ತಳಿಗಳೂ ಈ ವಿಷಯದಲ್ಲಿ ಒಂದೇ ಅಲ್ಲ, ಸಿ3ಎಚ್ ಎಂಬ ತಳಿಯಲ್ಲಿ ಐಎಪಿಯ ಹಾವಳಿ ಹೆಚ್ಚು.

ಹಳದಿ ಇಲಿ ಹುಟ್ಟಿದ್ದು ಆ ಸಿ3ಎಚ್ ವಂಶದಲ್ಲಿಯೇ, ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ. ಅದರ ವಿವರ ಪ್ರಕಟವಾದದ್ದು 1962ರಲ್ಲಿ. ಸಹಜವಾದ ಕಾಡು ಇಲಿಯ ಕೂದಲಿನಲ್ಲಿ ತುದಿ ಕಪ್ಪಾಗಿದ್ದು, ಸ್ವಲ್ಪ ಕೆಳಗೆ ಹಳದಿ ಪಟ್ಟಿಯೊಂದಿದ್ದು, ಒಟ್ಟಾರೆ ನೋಟಕ್ಕೆ ಕಂದು ಬಣ್ಣ ಕಾಣುತ್ತದೆ. ಕೂದಲು ಬೆಳೆಯುವ ನಡುವಿನ ಸ್ವಲ್ಪ ಕಾಲ ಮಾತ್ರ ಅಗೌಟಿ ಎಂಬ ಜೀನ್ ಚಾಲೂ ಆಗಿ ಹಳದಿ ಪಟ್ಟಿಯನ್ನು ಬರೆಸುತ್ತದೆ. ಈ ರೂಪಾಂತರದಲ್ಲಿ ಅಗೌಟಿ ಜೀನ್‌ನ ಮೇಲುಭಾಗದಲ್ಲಿ, ಸುಮಾರು ಒಂದು ಲಕ್ಷ ಅಕ್ಷರಗಳಷ್ಟು ದೂರದಲ್ಲಿ, ಐಎಪಿಯೊಂದು ಬಂದು ಕುಳಿತಿದೆ ಎಂಬುದು 1994ರಲ್ಲಿ ಗೊತ್ತಾಯಿತು. ಅದರ ಎಲ್‌ಟಿಆರ್‌ನಿಂದ ಹೊರಟ ಓದು ಅಗೌಟಿಯನ್ನೂ ಒಳಗೊಂಡು ಸಾಗುತ್ತದೆ. ಆಗ ಅಗೌಟಿ ದೇಹದ ಎಲ್ಲ ಕಡೆ, ಎಲ್ಲ ಹೊತ್ತೂ ತಯಾರಾಗುತ್ತದೆ. ಇಲಿ ಪೂರ್ತಿ ಹಳದಿಯಾಗುತ್ತದೆ, ಅಗೌಟಿ ಪ್ರೋಟೀನು ಮಿದುಳಿನಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಗ್ರಾಹಕವನ್ನೂ ಅಡ್ಡಗಟ್ಟುವುದರಿಂದ ಅತಿಯಾಗಿ ದಪ್ಪವೂ ಆಗುತ್ತದೆ.

ವಿಶೇಷವಿರುವುದು ಮುಂದೆ. ಡಿಎನ್‌ಎ ಒಂದೇ ಇರುವ ಒಡಹುಟ್ಟಿದ ಮರಿಗಳಲ್ಲಿ ಕೆಲವು ಅಚ್ಚ ಹಳದಿ, ಕೆಲವು ಮಚ್ಚೆಮಚ್ಚೆ, ಕೆಲವು ಸಹಜ ಕಂದು. ಆ ಒಂದು ಎಲ್‌ಟಿಆರ್‌ನ ಮೇಲೆ ಮೀಥೈಲ್ ಎಷ್ಟು ಕವಿದಿದೆ ಎಂಬುದೇ ಬಣ್ಣವನ್ನು ನಿರ್ಧರಿಸುತ್ತದೆ: ಕವಿದರೆ ಕಂದು, ತೆರೆದಿದ್ದರೆ ಹಳದಿ. ಸಿಡ್ನಿಯಲ್ಲಿ ಎಮ್ಮಾ ವೈಟ್‌ಲಾ ಅವರ ತಂಡ 1999ರಲ್ಲಿ, ತಾಯಿಯ ಮೈಬಣ್ಣ ಮರಿಗಳ ಬಣ್ಣದ ಹಂಚಿಕೆಯ ಮೇಲೆ ಪ್ರಭಾವ ಬೀರುತ್ತದೆ, ಕಂದು ತಾಯಿಗೆ ಕಂದು ಮರಿಗಳು ಹೆಚ್ಚು ಎಂದು ತೋರಿಸಿತು. 2003ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ವಾಟರ್‌ಲ್ಯಾಂಡ್ ಮತ್ತು ರ‍್ಯಾಂಡಿ ಜರ್ಟಲ್, ಬಸುರಿ ಇಲಿಗೆ ಫೋಲಿಕ್ ಆಮ್ಲ, ಬಿ12, ಕೋಲಿನ್, ಬೀಟೈನ್ ಸೇರಿಸಿದ ಆಹಾರ ಕೊಟ್ಟಾಗ ಮರಿಗಳ ಬಣ್ಣ ಕಂದಿನತ್ತ ವಾಲಿದುದನ್ನೂ, ಎಲ್‌ಟಿಆರ್‌ನ ಮೀಥೈಲ್ ಹೆಚ್ಚಿದುದನ್ನೂ ವರದಿ ಮಾಡಿದರು.

ಈ ಪ್ರಯೋಗ ಜಗತ್ತಿನಾದ್ಯಂತ ಪ್ರಸಿದ್ಧವಾಗಿ, ತಾಯಿ ತಿಂದದ್ದು ಮೊಮ್ಮಕ್ಕಳ ಜೀನ್‌ಗಳವರೆಗೂ ಮುಟ್ಟುತ್ತದೆ ಎಂಬ ಜನಪ್ರಿಯ ಬರಹಗಳಿಗೆ ಆಧಾರವಾಯಿತು. ಪ್ರಯೋಗ ಸರಿಯಾದದ್ದೇ, ಆದರೆ ಅದನ್ನು ಅಷ್ಟು ದೂರ ಎಳೆಯಬಾರದಿತ್ತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೇಂಬ್ರಿಜ್‌ನ ಆನ್ ಫರ್ಗುಸನ್-ಸ್ಮಿತ್ ಅವರ ತಂಡ ಇಲಿಯ ಇಡೀ ಜೀನೋಮ್‌ನಲ್ಲಿ ಹುಡುಕಿ 2018ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಹೀಗೆ ಇಲಿಯಿಂದ ಇಲಿಗೆ ಮೀಥೈಲ್ ಪ್ರಮಾಣ ಬದಲಾಗುವ ಐಎಪಿಗಳು ಒಟ್ಟು ಸಂಖ್ಯೆಯ ಒಂದು ಸಣ್ಣ ಪಾಲು. ಅವುಗಳಲ್ಲಿಯೂ ನೆರೆಯ ಜೀನ್‌ನ ಮೇಲೆ ಪ್ರಭಾವ ಬೀರುವಂಥವು ವಿರಳ. ಆ ವ್ಯತ್ಯಾಸ ಬಹುಮಟ್ಟಿಗೆ ಪ್ರತಿ ತಲೆಮಾರಿನಲ್ಲಿ ಅಳಿದು ಹೊಸದಾಗಿ ಏರ್ಪಡುತ್ತದೆ. ಹಳದಿ ಇಲಿ ಅಪವಾದ. ಅಪವಾದವಾಗಿದ್ದರಿಂದಲೇ ಅದು ನಮಗೆ ನಿಯಮವನ್ನು ಅಳೆಯುವ ಸಾಧನವನ್ನು ಕೊಟ್ಟಿತು.

ಐಎಪಿಯ ಪ್ರತಿಗಳು ಇಷ್ಟೊಂದು ಇರುವುದು ಒಮ್ಮೆ ಮನುಷ್ಯರ ವೈದ್ಯಕೀಯದಲ್ಲಿಯೂ ನೇರವಾಗಿ ಉಪಯೋಗಕ್ಕೆ ಬಂದಿತು. 2006ರಲ್ಲಿ ಪ್ರಾಸ್ಟೇಟ್ ಗಡ್ಡೆಗಳಲ್ಲಿ ಇಲಿಯ ಲ್ಯುಕೇಮಿಯಾ ವೈರಸ್ಸನ್ನು ಹೋಲುವ ಎಕ್ಸ್‌ಎಂಆರ್‌ವಿ ಎಂಬ ಹೊಸ ವೈರಸ್ ಕಂಡಿದೆ ಎಂದೂ, 2009ರಲ್ಲಿ ದೀರ್ಘಕಾಲದ ಆಯಾಸದ ಕಾಯಿಲೆಯಿಂದ ನರಳುವವರಲ್ಲಿ ಹೆಚ್ಚಿನವರ ರಕ್ತದಲ್ಲಿ ಅದಿದೆ ಎಂದೂ ವರದಿಗಳು ಬಂದವು. ವರ್ಷಗಟ್ಟಲೆ ಕಾರಣ ಗೊತ್ತಿಲ್ಲದೆ ಬಳಲಿದ್ದ ರೋಗಿಗಳಿಗೆ ಅದು ದೊಡ್ಡ ಆಸೆಯನ್ನು ಹುಟ್ಟಿಸಿತು. ಕೆಲವರು ಎಚ್‌ಐವಿ ಔಷಧಗಳನ್ನು ಸೇವಿಸಿದರು, ಕೆಲವು ದೇಶಗಳು ಈ ಕಾಯಿಲೆಯವರಿಂದ ರಕ್ತದಾನ ಪಡೆಯುವುದನ್ನು ನಿಲ್ಲಿಸಿದವು. ಆದರೆ ಬೇರೆ ಪ್ರಯೋಗಾಲಯಗಳು ಹುಡುಕಿದಾಗ ಹಲವು ಕಡೆ ವೈರಸ್ ಸಿಗಲಿಲ್ಲ, ಸಿಕ್ಕ ಕೆಲವು ಕಡೆ ಸಂಶಯ ಮೂಡಿತು.

ರೋಗಿಯ ಮಾದರಿಯಲ್ಲಿ ನಿಜವಾಗಿ ವೈರಸ್ ಇದೆಯೋ, ಅಥವಾ ಪ್ರಯೋಗಾಲಯದ ಎಲ್ಲಿಂದಲೋ ಇಲಿಯ ಡಿಎನ್‌ಎಯ ಕಣ ಬೆರೆತಿದೆಯೋ ಎಂದು ತಿಳಿಯುವುದು ಹೇಗೆ? ಇಲಿಯ ಸಾಮಾನ್ಯ ಜೀನ್ ಒಂದನ್ನು ಹುಡುಕಿದರೆ ಪ್ರಯೋಜನ ಕಡಿಮೆ, ಏಕೆಂದರೆ ಅದು ವರ್ಣತಂತು ಸಮೂಹಕ್ಕೆ ಒಂದೇ ಪ್ರತಿ ಇರುತ್ತದೆ. ಬೆರಕೆ ಅತ್ಯಲ್ಪವಾಗಿದ್ದರೆ ಪರೀಕ್ಷೆಯ ನಳಿಗೆಗೆ ಅದು ಬರದೆಯೇ ಹೋಗಬಹುದು. ಐಎಪಿಯಾದರೆ ಸಾವಿರ ಪ್ರತಿ. ಮನುಷ್ಯನ ಜೀನೋಮ್‌ನಲ್ಲಿ ಅದು ಇಲ್ಲ. ಹೀಗಾಗಿ ಒಂದು ಇಲಿ ಕೋಶದ ಡಿಎನ್‌ಎಯ ಅತಿ ಚಿಕ್ಕ ಅಂಶ ಬೆರೆತಿದ್ದರೂ ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ಪ್ರತಿ ಮಾಡಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯನ್ನು ಐಎಪಿಗಾಗಿ ಮಾಡಿದರೆ ಅದು ಸಿಕ್ಕಿಬೀಳುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈರಸ್ ಇದೆ ಎಂಬ ಫಲಿತಾಂಶ ಕೊಟ್ಟ ಮಾದರಿಗಳೆಲ್ಲವೂ ಐಎಪಿ ಪರೀಕ್ಷೆಯಲ್ಲಿಯೂ ಇಲಿಯ ಡಿಎನ್‌ಎ ಇದೆ ಎಂದೇ ತೋರಿಸಿದವು. ಪಿಸಿಆರ್ ಸಾಮಗ್ರಿಗಳಲ್ಲಿ ಕೆಲವು ಇಲಿಯಿಂದ ಪಡೆದ ಪ್ರತಿಕಾಯಗಳನ್ನು ಒಳಗೊಂಡಿದ್ದುದರಿಂದ, ಬೆರಕೆ ಕೆಲವೊಮ್ಮೆ ಪರೀಕ್ಷೆಯ ಕಿಟ್‌ನಿಂದಲೇ ಬಂದಿತ್ತು. ಎಕ್ಸ್‌ಎಂಆರ್‌ವಿಯ ಹುಟ್ಟೂ 2011ರಲ್ಲಿ ಬಯಲಾಯಿತು: 1990ರ ದಶಕದಲ್ಲಿ ಮನುಷ್ಯನ ಪ್ರಾಸ್ಟೇಟ್ ಗಡ್ಡೆಯನ್ನು ಪ್ರಯೋಗಕ್ಕಾಗಿ ಇಲಿಗಳ ಮೈಯಲ್ಲಿ ಬೆಳೆಸುತ್ತಿದ್ದಾಗ, ಇಲಿಯ ಜೀನೋಮ್‌ನಲ್ಲಿದ್ದ ಎರಡು ಪ್ರತ್ಯೇಕ ರೆಟ್ರೊವೈರಸ್ ತುಣುಕುಗಳು ಕೂಡಿಕೊಂಡು ಈ ವೈರಸ್ ಉಂಟಾಗಿ ಗಡ್ಡೆಯ ಕೋಶಗಳನ್ನು ಸೇರಿತ್ತು. 2009ರ ವರದಿಯನ್ನು ಅದನ್ನು ಪ್ರಕಟಿಸಿದ್ದ ಪತ್ರಿಕೆ 2011ರ ಡಿಸೆಂಬರಿನಲ್ಲಿ ಹಿಂತೆಗೆದುಕೊಂಡಿತು. ರೋಗಿಯ ಮಾದರಿಯಲ್ಲಿ ಹೊಸ ರೆಟ್ರೊವೈರಸ್ ಕಂಡಿತೆಂದು ಹೇಳುವವರು ಮೊದಲು ಅದೇ ನಳಿಗೆಯಲ್ಲಿ ಐಎಪಿ ಇಲ್ಲವೆಂದು ತೋರಿಸಬೇಕೆಂಬ ಎಚ್ಚರ ಆ ಮೇಲೆ ಸಂಶೋಧಕರಲ್ಲಿ ಬೇರೂರಿತು.